ಲಾಗಿನ್ ಆದೊಡನೆ ಲಾಗೌಟ್ ಆಗುವ ಗಣಕಯಂತ್ರ: ಫಾರ್ಮ್ಯಾಟ್ ಮಾಡಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

(ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಅವಗಾಹನೆಗಾಗಿ)



ಮಳೆಗಾಲದ ಒಂದು ಬೆಳಿಗ್ಗೆಯನ್ನು ಊಹಿಸಿಕೊಳ್ಳೋಣ. ಹಿಂದಿನ ದಿನ ಸಂಜೆ ವಿದ್ಯುತ್ ಹಲವು ಬಾರಿ ಹೋಗಿ ಬಂದಿದೆ. ಬೆಳಿಗ್ಗೆ ಡಾಟಾ ಎಂಟ್ರಿ ಆಪರೇಟರ್ ಗಣಕಯಂತ್ರವನ್ನು ಚಾಲೂ ಮಾಡಿ ಪಾಸ್‌ವರ್ಡ್ ನಮೂದಿಸುತ್ತಾರೆ. ಸ್ವಾಗತದ ಪರದೆ ಮೂಡುತ್ತದೆ, ಕ್ಷಣಕಾಲ ಕಪ್ಪಾಗುತ್ತದೆ, ಮತ್ತೆ ಪಾಸ್‌ವರ್ಡ್ ಕೇಳುವ ಪರದೆಯೇ ಬಂದು ನಿಲ್ಲುತ್ತದೆ. ಎರಡನೆಯ ಬಾರಿಯೂ ಹಾಗೆಯೇ, ಹತ್ತನೆಯ ಬಾರಿಯೂ ಹಾಗೆಯೇ. ಹೊರಗೆ ಜಗಲಿಯಲ್ಲಿ ಬ್ಯಾಂಕ್ ಸಾಲಕ್ಕಾಗಿ ನಮೂನೆ 9 ಬೇಕಾದವರು, ಮನೆ ಕಂದಾಯ ಕಟ್ಟಲು ಬಂದವರು ಕಾದು ಕುಳಿತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಒಬ್ಬರು, “ಫಾರ್ಮ್ಯಾಟ್ ಮಾಡಿಸಿಬಿಡಿ, ಎಲ್ಲ ಸರಿಹೋಗುತ್ತದೆ” ಎನ್ನುತ್ತಾರೆ.

ಈ ಲೇಖನವು ಆ ಒಂದು ಮಾತಿಗೆ ಸಂಬಂಧಿಸಿದ್ದು. ಲಾಗಿನ್–ಲಾಗೌಟ್ ಸುತ್ತಿಗೆ ಸಿಲುಕಿದ ಯಂತ್ರವನ್ನು ಬಹುತೇಕ ಸಂದರ್ಭಗಳಲ್ಲಿ ಫಾರ್ಮ್ಯಾಟ್ ಮಾಡದೆಯೇ ಸರಿಪಡಿಸಬಹುದು. ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಿದರೆ ಬೇರೆಲ್ಲಿಯೂ ಪ್ರತಿ ಇಲ್ಲದ ಪಂಚಾಯಿತಿ ದಾಖಲೆಗಳು ಅಳಿದುಹೋಗುತ್ತವೆ. ಯಂತ್ರ ದುರಸ್ತಿ ಸದಸ್ಯರ ಕೆಲಸವಲ್ಲ. ಆದರೆ ದುರಸ್ತಿಗೆ ಮುನ್ನ ಯಾವ ಪ್ರಶ್ನೆ ಕೇಳಬೇಕೆಂದು ತಿಳಿದಿರುವುದು ದಾಖಲೆಗಳ ರಕ್ಷಣೆಯ ಒಂದು ಭಾಗವೇ ಆಗಿದೆ.

ಬೀಗ ತೆರೆದಿದೆ, ಬಾಗಿಲು ತೆರೆಯುತ್ತಿಲ್ಲ

ಪಾಸ್‌ವರ್ಡ್ ಒತ್ತಿದ ಬಳಿಕ ವಿಂಡೋಸ್ ಯಂತ್ರದಲ್ಲಿ ಮೂರು ಕಾರ್ಯಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ಪಾಸ್‌ವರ್ಡ್ ಸರಿಯೇ ಎಂಬ ಪರಿಶೀಲನೆ. ನಂತರ ಆ ಬಳಕೆದಾರರ ಪ್ರೊಫೈಲ್, ಅಂದರೆ ಅವರ ಕಡತಗಳು ಮತ್ತು ಅವರು ಮಾಡಿಕೊಂಡ ಹೊಂದಾಣಿಕೆಗಳನ್ನು ಒಳಗೊಂಡ ಕೋಶ, ತೆರೆದುಕೊಳ್ಳುತ್ತದೆ. ಕೊನೆಗೆ ಯೂಸರ್‌ಇನಿಟ್ ಎಂಬ ಸಣ್ಣ ತಂತ್ರಾಂಶವು ಕೆಲಸದ ಪರದೆಯನ್ನು ಸಿದ್ಧಪಡಿಸುತ್ತದೆ.

ಪಾಸ್‌ವರ್ಡ್ ತಪ್ಪಾಗಿದ್ದರೆ ಯಂತ್ರವು ಅದನ್ನು ಸ್ಪಷ್ಟವಾಗಿಯೇ ತಿಳಿಸುತ್ತದೆ. ಹಾಗೆ ತಿಳಿಸದೆ, ಒಳಗೆ ಬಿಟ್ಟುಕೊಂಡಂತೆ ಮಾಡಿ ಹೊರಗೆ ತಂದು ನಿಲ್ಲಿಸಿದರೆ ಪಾಸ್‌ವರ್ಡ್ ಸರಿಯಾಗಿದೆ, ಎರಡನೆಯ ಅಥವಾ ಮೂರನೆಯ ಹಂತದಲ್ಲಿ ತೊಡಕಿದೆ ಎಂದು ತಿಳಿಯಬೇಕು. ಆದ್ದರಿಂದ ಇಂತಹ ವೇಳೆ ಪಾಸ್‌ವರ್ಡ್ ಬದಲಾಯಿಸುವುದರಿಂದ ಪ್ರಯೋಜನವಿಲ್ಲ.

ಮೊದಲು ಗುರುತಿಸಬೇಕಾದದ್ದು: ಯಾವ ಸುತ್ತು?

“ಕಂಪ್ಯೂಟರ್ ಸುತ್ತು ಹೊಡೆಯುತ್ತಿದೆ” ಎಂಬ ದೂರಿನ ಹಿಂದೆ ಮೂರು ಬೇರೆ ಬೇರೆ ದೋಷಗಳಿರಬಹುದು.

1. ಪಾಸ್‌ವರ್ಡ್ ಪರದೆ ಬರುವ ಮೊದಲೇ ಯಂತ್ರ ಆರಿ ಮತ್ತೆ ಚಾಲೂ ಆಗುತ್ತಿದ್ದರೆ, ಅದು ವಿದ್ಯುತ್ ಪೂರೈಕೆಯ ಘಟಕ, ಮೆಮೊರಿ, ಹಾರ್ಡ್‌ಡಿಸ್ಕ್ ಅಥವಾ ವಿಂಡೋಸ್‌ನ ಮೂಲ ಕಡತಗಳ ದೋಷ. ಇದನ್ನು ತಂತ್ರಜ್ಞರೇ ನೋಡಬೇಕು.

2. ಪಾಸ್‌ವರ್ಡ್ ಒತ್ತಿದ ಮೇಲೆ ಅದೇ ಪರದೆಗೆ ಮರಳುತ್ತಿದ್ದರೆ, ಅದು ಈ ಲೇಖನದಲ್ಲಿ ವಿವರಿಸುತ್ತಿರುವ ಲಾಗಿನ್ ಸುತ್ತು.

3. ಯಂತ್ರ ಸರಿಯಾಗಿ ತೆರೆದುಕೊಂಡು, ಜಾಲತಾಣದಲ್ಲಿ ಮಾತ್ರ ಲಾಗಿನ್ ಪುಟಕ್ಕೇ ಮರಳುತ್ತಿದ್ದರೆ, ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕ ಮತ್ತು ವೇಳೆಯನ್ನು ನೋಡಬೇಕು. ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಸಣ್ಣ ಸೆಲ್ ಮುಗಿದಿದ್ದರೆ, ವಿದ್ಯುತ್ ಹೋದಾಗಲೆಲ್ಲ ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ಆಗ ಸುರಕ್ಷಿತ ಜಾಲತಾಣಗಳು ಆ ಯಂತ್ರವನ್ನು ನಂಬುವುದಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಬಳಕೆಯಾಗುವ ಸಿಆರ್ 2032 ಎಂಬ ಈ ಸೆಲ್ ಅಲ್ಪಬೆಲೆಯದು. ಅದನ್ನು ಬದಲಿಸಿ ದಿನಾಂಕ ಸರಿಪಡಿಸಿದರೆ ಸಾಕು. ದಿನಾಂಕ ಸರಿಯಿದ್ದರೆ ಬ್ರೌಸರ್‌ನ ಕುಕೀಗಳನ್ನು ಅಳಿಸಿ ಮತ್ತೊಮ್ಮೆ ಪ್ರಯತ್ನಿಸಬೇಕು.

ಸುತ್ತು ಉಂಟಾಗಲು ಕಾರಣಗಳು

ಮೊದಲನೆಯದು, ಏಕಾಏಕಿ ವಿದ್ಯುತ್ ನಿಲುಗಡೆ. ಪ್ರೊಫೈಲ್‌ನ ಮುಖ್ಯ ಕಡತದಲ್ಲಿ ಯಂತ್ರವು ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಆ ಕಡತ ಅರ್ಧಕ್ಕೆ ಉಳಿದು ಹಾಳಾಗಬಹುದು. ಲಿಂಗನಮಕ್ಕಿ ಜಲಾಶಯ ಸಾಗರ ತಾಲ್ಲೂಕಿನಲ್ಲಿದೆ, ವಾರಾಹಿ ಯೋಜನೆಯ ಮಾಣಿ ಜಲಾಶಯ ಹೊಸನಗರ ತಾಲ್ಲೂಕಿನಲ್ಲಿದೆ. ನಾಡಿಗೆ ವಿದ್ಯುತ್ ನೀಡುವ ಈ ನೆಲದಲ್ಲಿಯೇ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಸಾಮಾನ್ಯ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ನಮಗೆ ಹೊಸದಲ್ಲ. ಆಗುಂಬೆ, ಹುಲಿಕಲ್ ಸುತ್ತಲಿನ ಮಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು, ಸಿ ಡ್ರೈವ್ ಪೂರ್ತಿ ತುಂಬಿರುವುದು. ಕಾಮಗಾರಿಗಳ ಛಾಯಾಚಿತ್ರಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು, ಮೊಬೈಲಿನಿಂದ ಇಳಿಸಿಕೊಂಡ ವಿಡಿಯೊಗಳು ವರ್ಷಗಟ್ಟಲೆ ಡೆಸ್ಕ್‌ಟಾಪ್‌ನಲ್ಲಿಯೇ ಉಳಿದರೆ ಪ್ರೊಫೈಲ್ ತೆರೆಯಲು ಬೇಕಾದ ಜಾಗವೂ ಉಳಿಯುವುದಿಲ್ಲ.

ಮೂರನೆಯದು, ಪೆನ್‌ಡ್ರೈವ್ ಮೂಲಕ ಬರುವ ವೈರಸ್. ಕೆಲವು ವೈರಸ್‌ಗಳು ಯೂಸರ್‌ಇನಿಟ್‌ನ ಸ್ಥಾನದಲ್ಲಿ ತಮ್ಮ ಹೆಸರನ್ನು ನಮೂದಿಸಿಕೊಳ್ಳುತ್ತವೆ. ಬಳಿಕ ಆಂಟಿವೈರಸ್ ಆ ವೈರಸ್ ಕಡತವನ್ನು ಅಳಿಸುತ್ತದೆ, ಆದರೆ ನಮೂದು ಹಾಗೆಯೇ ಉಳಿಯುತ್ತದೆ. ಯಂತ್ರವು ಇಲ್ಲದ ಕಡತವನ್ನು ಹುಡುಕಿ, ಸಿಗದೆ ಲಾಗೌಟ್ ಆಗುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ತಂತ್ರಜ್ಞರಿಗೆ ಪರಿಚಿತವಾದ ದೋಷವಿದು. ಒಂದು ಸಾಲಿನ ನಮೂದನ್ನು ತಿದ್ದಿದರೆ ಸರಿಹೋಗುತ್ತದೆ. ಆದರೆ ಆ ನಮೂದು ರಿಜಿಸ್ಟ್ರಿಯಲ್ಲಿರುವುದರಿಂದ ಅನುಭವಿಗಳೇ ತಿದ್ದಬೇಕು.

ನಾಲ್ಕನೆಯದು, ಅಪ್‌ಡೇಟ್ ನಡೆಯುತ್ತಿರುವಾಗ ಯಂತ್ರವನ್ನು ಆರಿಸಿರುವುದು. ಐದನೆಯದು, ಹಾರ್ಡ್‌ಡಿಸ್ಕ್‌ನ ಆಯುಷ್ಯ ಮುಗಿಯುತ್ತಿರುವುದು. ಯಂತ್ರ ವಿಪರೀತ ನಿಧಾನವಾಗುವುದು, ಡಿಸ್ಕ್‌ನಿಂದ ಟಕಟಕ ಶಬ್ದ ಬರುವುದು ಇದರ ಲಕ್ಷಣ. ಇಂತಹ ಡಿಸ್ಕ್ ಇರುವ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಬಾರದು. ಪ್ರತಿ ಪ್ರಯತ್ನದಲ್ಲಿಯೂ ಕಡತಗಳಿಗೆ ಅಪಾಯ ಹೆಚ್ಚುತ್ತದೆ.

ಅನುಸರಿಸಬೇಕಾದ ಕ್ರಮ

1. ಪರದೆಯಲ್ಲಿ ಕಾಣುವ ಸಂದೇಶದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಬೇಕು. ದೂರವಾಣಿಯಲ್ಲಿ ತಂತ್ರಜ್ಞರನ್ನು ಸಂಪರ್ಕಿಸುವಾಗ ಅರ್ಧ ಕೆಲಸ ಇದರಿಂದಲೇ ಮುಗಿಯುತ್ತದೆ.

2. ಪೆನ್‌ಡ್ರೈವ್, ಪ್ರಿಂಟರ್, ಸ್ಕ್ಯಾನರ್ ಮತ್ತು ಡಿಜಿಟಲ್ ಸಹಿಯ ಟೋಕನ್‌ಗಳನ್ನು ತೆಗೆದು, ಯಂತ್ರವನ್ನು ಒಮ್ಮೆ ಕ್ರಮಬದ್ಧವಾಗಿ ರೀಸ್ಟಾರ್ಟ್ ಮಾಡಬೇಕು.

3. ಯಂತ್ರದಲ್ಲಿ ಬೇರೊಂದು ಬಳಕೆದಾರ ಖಾತೆ ಇದ್ದರೆ ಅದರ ಮೂಲಕ ಲಾಗಿನ್ ಆಗಬೇಕು. ಅದು ತೆರೆದುಕೊಂಡರೆ ಯಂತ್ರ ಚೆನ್ನಾಗಿದೆ, ಮೊದಲ ಖಾತೆಯ ಪ್ರೊಫೈಲ್ ಮಾತ್ರ ಹಾಳಾಗಿದೆ ಎಂದರ್ಥ. ಹಳೆಯ ಖಾತೆಯ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಡೌನ್‌ಲೋಡ್ಸ್ ಕೋಶಗಳಲ್ಲಿರುವ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಂಡು, ಹೊಸ ಖಾತೆ ತೆರೆದು ಅದರಲ್ಲಿ ಇರಿಸಬೇಕು. ಫಾರ್ಮ್ಯಾಟ್‌ನ ಅಗತ್ಯವೇ ಬೀಳುವುದಿಲ್ಲ.

4. ಬೇರೆ ಖಾತೆ ಇಲ್ಲದಿದ್ದರೆ ಅಥವಾ ಅದೂ ತೆರೆಯದಿದ್ದರೆ ಸೇಫ್ ಮೋಡ್‌ಗೆ ಹೋಗಬೇಕು. ವಿಂಡೋಸ್ 10 ಮತ್ತು 11ರಲ್ಲಿ ಲಾಗಿನ್ ಪರದೆಯಲ್ಲಿಯೇ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಆಯ್ಕೆ ಮಾಡಬೇಕು. ನಂತರ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂಬ ಕ್ರಮದಲ್ಲಿ ಸಾಗಿ 4ನೆಯ ಸಂಖ್ಯೆಯನ್ನು ಒತ್ತಬೇಕು. ಒಳಹೋಗಲು ಸಾಧ್ಯವಾದರೆ ಮೊದಲು ಕಡತಗಳನ್ನು ನಕಲು ಮಾಡಿ, ಆಮೇಲೆ ಸಿ ಡ್ರೈವ್‌ನಲ್ಲಿ ಜಾಗ ಮಾಡುವುದು, ಇತ್ತೀಚೆಗೆ ಹಾಕಿದ ತಂತ್ರಾಂಶ ತೆಗೆಯುವುದು, ವೈರಸ್ ತಪಾಸಣೆ ಮಾಡುವುದು ಇವುಗಳನ್ನು ಕೈಗೊಳ್ಳಬೇಕು.

5. ಅದೂ ಸಾಧ್ಯವಾಗದಿದ್ದರೆ ಅದೇ ಪಟ್ಟಿಯಲ್ಲಿರುವ ಸಿಸ್ಟಮ್ ರಿಸ್ಟೋರ್ ಮೂಲಕ ಯಂತ್ರವನ್ನು ಹಿಂದಿನ ಸ್ಥಿತಿಗೆ ಒಯ್ಯಬಹುದು. ಇದು ದಾಖಲೆಗಳನ್ನು ಅಳಿಸುವುದಿಲ್ಲ. ಆ ದಿನಾಂಕದ ನಂತರ ಹಾಕಿದ ತಂತ್ರಾಂಶಗಳನ್ನು ಮಾತ್ರ ತೆಗೆಯುತ್ತದೆ.

6. ಎಲ್ಲವೂ ವಿಫಲವಾದಾಗ ಮಾತ್ರ ಫಾರ್ಮ್ಯಾಟ್. ಆಗಲೂ ತಂತ್ರಜ್ಞರು ಹಾರ್ಡ್‌ಡಿಸ್ಕ್ ಅನ್ನು ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಹೊರತೆಗೆದ ಮೇಲೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಅವುಗಳನ್ನು ತೆರೆದು ನೋಡಿ ಖಚಿತಪಡಿಸಿಕೊಂಡ ನಂತರವೇ ಮುಂದುವರಿಯಬೇಕು.

ಕೆಲವೊಮ್ಮೆ ಯಂತ್ರವು ಸುತ್ತಿನಿಂದ ಹೊರಬಂದು, ಹಳೆಯ ಕಡತಗಳೊಂದೂ ಕಾಣದ ಖಾಲಿ ಪರದೆಯನ್ನು ತೋರಿಸುವುದುಂಟು. ಅದು ತಾತ್ಕಾಲಿಕ ಪ್ರೊಫೈಲ್. ಹಳೆಯ ಕಡತಗಳು ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತವೆ. ಆದರೆ ಆ ಖಾಲಿ ಪರದೆಯಲ್ಲಿ ಹೊಸದಾಗಿ ಉಳಿಸಿದ ಕಡತಗಳು ಲಾಗೌಟ್ ಆದೊಡನೆ ಅಳಿದುಹೋಗುತ್ತವೆ. ಆದ್ದರಿಂದ ಅಲ್ಲಿ ಯಾವ ಕೆಲಸವನ್ನೂ ಮಾಡಬಾರದು.

ಯಾವ ದಾಖಲೆ ಎಲ್ಲಿದೆ?

ಇ-ಸ್ವತ್ತು ಮತ್ತು ಪಂಚತಂತ್ರ 2.0 ತಂತ್ರಾಂಶಗಳಲ್ಲಿ ನಮೂದಿಸಿದ ಮಾಹಿತಿ ಪಂಚಾಯಿತಿಯ ಯಂತ್ರದಲ್ಲಿ ಇರುವುದಿಲ್ಲ, ಅದು ಸರ್ವರ್‌ನಲ್ಲಿದೆ. ಯಂತ್ರ ಸುಟ್ಟುಹೋದರೂ ನಮೂನೆ 9 ಮತ್ತು ನಮೂನೆ 11-ಬಿ ವಿವರಗಳು ನಾಶವಾಗುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ಗ್ರಾಮಸಭೆ ಮತ್ತು ವಾರ್ಡ್‌ಸಭೆಗಳ ಬೆರಳಚ್ಚು ಮಾಡಿದ ನಡಾವಳಿ, ಪತ್ರ ವ್ಯವಹಾರ, ಕಾಮಗಾರಿಗಳ ಮೊದಲು ಮತ್ತು ನಂತರದ ಛಾಯಾಚಿತ್ರ, ಸ್ಕ್ಯಾನ್ ಮಾಡಿದ ಅರ್ಜಿ, ಎಕ್ಸೆಲ್‌ನಲ್ಲಿ ತಯಾರಿಸಿಕೊಂಡ ಪಟ್ಟಿಗಳು ಬಹುತೇಕ ಆ ಒಂದು ಯಂತ್ರದಲ್ಲಿ ಮಾತ್ರ ಇರುತ್ತವೆ. ಫಾರ್ಮ್ಯಾಟ್‌ನಿಂದ ಅಳಿಯುವುದು ಇವೇ. ಲೆಕ್ಕಪರಿಶೋಧನೆಯಲ್ಲಿ, ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸುವಾಗ ಬೇಕಾಗುವುದೂ ಇವೇ.

ಡಿಜಿಟಲ್ ಸಹಿಯು ಟೋಕನ್‌ನೊಳಗೆ ಇರುವುದರಿಂದ ಫಾರ್ಮ್ಯಾಟ್‌ನಿಂದ ಅದಕ್ಕೆ ಹಾನಿಯಿಲ್ಲ. ಟೋಕನ್‌ನ ಡ್ರೈವರ್ ತಂತ್ರಾಂಶವನ್ನು ಮರಳಿ ಹಾಕಿದರೆ ಸಾಕು. ಆದರೆ ದುರಸ್ತಿಗೆ ಯಂತ್ರ ಕೊಡುವಾಗ ಟೋಕನ್, ಅದರ ಪಿನ್ ಮತ್ತು ತಂತ್ರಾಂಶಗಳ ಪಾಸ್‌ವರ್ಡ್‌ಗಳನ್ನು ಜೊತೆಗೆ ಕೊಡಬಾರದು. ಟೋಕನ್ ಯಾರ ಹೆಸರಿನಲ್ಲಿದೆಯೋ ಅವರ ವಶದಲ್ಲಿಯೇ ಇರಬೇಕು.

ಮತ್ತೊಂದು ಸಂಗತಿ: ಫಾರ್ಮ್ಯಾಟ್ ಆದ ಯಂತ್ರದಲ್ಲಿ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ಕಾಣಬಹುದು. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಬಾರದು. ನುಡಿ ತಂತ್ರಾಂಶವನ್ನು ಮರಳಿ ಸ್ಥಾಪಿಸಿದರೆ ಕನ್ನಡ ಮತ್ತೆ ಕಾಣಿಸುತ್ತದೆ.

ಸೇವೆ ನಿಲ್ಲಬಾರದು

ಯಂತ್ರ ಕೆಟ್ಟಿತೆಂದು ಅರ್ಜಿದಾರರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸುವುದು ಸರಿಯಲ್ಲ. ನಮ್ಮ ತಾಲ್ಲೂಕುಗಳಲ್ಲಿ ಕಚೇರಿಗೆ ಬಂದು ಹೋಗುವುದೆಂದರೆ ಹಲವರಿಗೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದುಕೊಳ್ಳುವವರೆಗೆ, ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗಕ್ಕೆ ಸಾಗರದಿಂದ ತಂತ್ರಜ್ಞರು ಬರಬೇಕಾದರೂ ಲಾಂಚ್ ಕಾಯಬೇಕಿತ್ತು, ಇಲ್ಲವೇ ಬಹುದೂರ ಸುತ್ತಿ ಬರಬೇಕಿತ್ತು. ದುರಸ್ತಿ ತಡವಾಗಬಹುದೆಂಬ ಅಂದಾಜಿನಲ್ಲಿಯೇ ನಾವು ಸಿದ್ಧರಿರಬೇಕು.

ಅಂತಹ ದಿನ ಕಾಗದದ ಅರ್ಜಿಯನ್ನು ಪಡೆದು, ದಿನಾಂಕ ಮತ್ತು ಸಹಿಯುಳ್ಳ ಸ್ವೀಕೃತಿ ನೀಡಿ, ಯಂತ್ರ ಸರಿಯಾದೊಡನೆ ನಮೂದಿಸಬಹುದು. ಸರ್ವರ್‌ನಲ್ಲಿರುವ ಸೇವೆಗಳನ್ನು ಕಚೇರಿಯ ಇನ್ನೊಂದು ಯಂತ್ರದಿಂದ ಅಧಿಕೃತ ಲಾಗಿನ್ ಬಳಸಿ ಮುಂದುವರಿಸಬಹುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆ ವಿಳಂಬವಾದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ. ಮೊತ್ತ ಚಿಕ್ಕದಿರಬಹುದು, ಆದರೆ ಕಾಲಮಿತಿಯೊಳಗೆ ಸೇವೆ ಪಡೆಯುವುದು ನಾಗರಿಕರ ಹಕ್ಕೆಂಬುದನ್ನು ಅದು ನೆನಪಿಸುತ್ತದೆ.

ಸಾಮಾನ್ಯ ಸಭೆಯಲ್ಲಿ ಕೇಳಬಹುದಾದ ಐದು ಪ್ರಶ್ನೆಗಳು

1. ಕಚೇರಿಯ ಯುಪಿಎಸ್ ಬ್ಯಾಟರಿಯನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ? ವಿದ್ಯುತ್ ಹೋದ ಮೇಲೆ ಯಂತ್ರವನ್ನು ಕ್ರಮವಾಗಿ ಆರಿಸುವಷ್ಟು ನಿಮಿಷವಾದರೂ ಅದು ನಿಲ್ಲುತ್ತದೆಯೇ?

2. ಪ್ರತಿ ಯಂತ್ರದಲ್ಲಿಯೂ ತುರ್ತು ಬಳಕೆಗೆ ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆ ಇದೆಯೇ? ಅದರ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಬಳಿ ಇದೆಯೇ?

3. ಕಚೇರಿ ಕಡತಗಳ ಪ್ರತಿಯನ್ನು ವಾರಕ್ಕೊಮ್ಮೆ ಹೊರಗಿನ ಡಿಸ್ಕ್‌ಗೆ ತೆಗೆಯಲಾಗುತ್ತಿದೆಯೇ? ಆ ಡಿಸ್ಕ್ ಯಂತ್ರದ ಪಕ್ಕದಲ್ಲಿರದೆ ಬೀರುವಿನಲ್ಲಿದೆಯೇ?

4. ಯಂತ್ರದಲ್ಲಿರುವ ವಿಂಡೋಸ್ ಯಾವ ಆವೃತ್ತಿಯದು? ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ.

5. ಹೊರಗಿನವರ ಪೆನ್‌ಡ್ರೈವ್ ಬಳಕೆಗೆ ಕಚೇರಿಯಲ್ಲಿ ಏನು ನಿಯಮವಿದೆ?

ಇವುಗಳಲ್ಲಿ ಯಾವುದಕ್ಕೂ ಭಾರಿ ವೆಚ್ಚವಿಲ್ಲ. ಒಂದು ಬ್ಯಾಟರಿ, ಒಂದು ಹೊರಗಿನ ಡಿಸ್ಕ್ ಮತ್ತು ವಾರಕ್ಕೆ ಅರ್ಧ ಗಂಟೆಯ ಶಿಸ್ತು ಇದ್ದರೆ ಸಾಕು. ಮಳೆಗಾಲಕ್ಕೆ ಮುನ್ನ ಮನೆಯ ಹೆಂಚು ಕೈಯಾಡಿಸುವ ರೂಢಿ ಮಲೆನಾಡಿನವರಿಗೆ ಇದೆ. ಅದೇ ಹೊತ್ತಿನಲ್ಲಿ, ಮೇ ತಿಂಗಳ ಸಭೆಯಲ್ಲಿ, ಈ ಐದು ಪ್ರಶ್ನೆಗಳನ್ನೂ ಕೇಳಿ ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ.