ರಜೆಯ ಊರಿನಲ್ಲಿ ತೆರೆದಿರುವ ಬಾಗಿಲು

ಏಪ್ರಿಲ್ 10ರ ಆಸುಪಾಸಿಗೆ ಶಾಲೆಯಲ್ಲಿ ಪಾಸು–ನಪಾಸು ಓದಿ ಹೇಳಿ ಮುಗಿದರೆ ಮೇ ಕೊನೆಯವರೆಗೂ ಮಕ್ಕಳಿಗೆ ಬಿಡುವು. ಬೆಂಗಳೂರು, ಮೈಸೂರಿನ ಮಕ್ಕಳಿಗೆ ಅಷ್ಟರಲ್ಲೇ ಈಜು, ನಾಟಕ, ರೋಬೊಟಿಕ್ಸ್ ಅಂತ ಶಿಬಿರಗಳು ಸಾಲುಗಟ್ಟಿರುತ್ತವೆ; ಶುಲ್ಕ ಸಾವಿರಗಳ ಲೆಕ್ಕದಲ್ಲಿ. ಹಳ್ಳಿಯ ಮಕ್ಕಳಿಗೆ ಕೆರೆ ಏರಿ, ಮಾವಿನ ತೋಪು, ಅಜ್ಜಿ ಮನೆ ಇವೆ ಎಂದು ನಾವು ಈಗಲೂ ಹೇಳುತ್ತೇವೆ. ಅಪ್ಪ ಅಮ್ಮ ಇಬ್ಬರೂ ಉದ್ಯೋಗ ಖಾತ್ರಿ ಕೆಲಸಕ್ಕೋ ತೋಟದ ಕೂಲಿಗೋ ಹೋದ ಮನೆಯಲ್ಲಿ ಹತ್ತು ವರ್ಷದ ಹುಡುಗಿಯ ಬೇಸಿಗೆ ತಮ್ಮನನ್ನು ನೋಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಆ ಹುಡುಗಿ ತಮ್ಮನನ್ನೂ ಕರೆದುಕೊಂಡು ಹೋಗಿ ಕೂರಬಹುದಾದ, ಯಾರೂ ದುಡ್ಡು ಕೇಳದ ಒಂದು ಜಾಗ ಊರಲ್ಲಿದೆ. ಅದು ಗ್ರಾಮ ಪಂಚಾಯಿತಿ ಗ್ರಂಥಾಲಯ. ಫಲಕದ ಮೇಲೆ ಈಗ ‘ಅರಿವು ಕೇಂದ್ರ’ ಎಂದು ಬರೆದಿದೆ; ಜನರ ಬಾಯಲ್ಲಿ ಅದು ಇನ್ನೂ ಲೈಬ್ರರಿಯೇ.

ಕರ್ನಾಟಕಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುವುದು ಆ ಕಾಯ್ದೆಯಿಂದ. ಮನೆ ಕಂದಾಯದ ರಸೀದಿಯಲ್ಲಿ ಆ ಸಾಲನ್ನು ಗಮನಿಸಿದವರು ಕಡಿಮೆ. ಗಮನಿಸಬೇಕು: ಲೈಬ್ರರಿ ಯಾರೋ ಕೊಟ್ಟ ದಾನವಲ್ಲ, ನಮ್ಮ ದುಡ್ಡಿನಲ್ಲೇ ನಡೆಯುವ ಸಂಸ್ಥೆ. ಹಳ್ಳಿಯ ಗ್ರಂಥಾಲಯಗಳು ಬಹುಕಾಲ ಗ್ರಂಥಾಲಯ ಇಲಾಖೆಯ ಕೊನೆಯ ಕೊಂಡಿಯಾಗಿದ್ದವು. ಒಂದು ಕೋಣೆ, ಎರಡು ಬೀರು, ಮೂರು ದಿನಪತ್ರಿಕೆ. ಗೌರವಧನಕ್ಕೆ ಅರೆಕಾಲಿಕವಾಗಿ ದುಡಿಯುವ ಒಬ್ಬ ಮೇಲ್ವಿಚಾರಕ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೋವಿಡ್. ಶಾಲೆಗಳು ಮುಚ್ಚಿದ್ದ ಆ ಕಾಲದಲ್ಲೇ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಅಭಿಯಾನ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ. ಅಲ್ಲಿಯವರೆಗೆ ಪತ್ರಿಕೆ ಓದುವ ಹಿರಿಯರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಯುವಕರ ಜಾಗವಾಗಿದ್ದ ಕೋಣೆಗೆ ಲಕ್ಷಾಂತರ ಮಕ್ಕಳು ಸದಸ್ಯರಾಗಿ ಬಂದರು. ಕೋಣೆಯ ಸ್ವಭಾವವೇ ಬದಲಾದದ್ದು ಆಗ.

ಈ ಲೈಬ್ರರಿಗಳಲ್ಲಿ ರಜೆಗೆ ನಡೆಯುವ ಬೇಸಿಗೆ ಶಿಬಿರ ಆ ಬದಲಾವಣೆಯ ಮುಂದುವರಿಕೆ. ಕಲಬುರಗಿ, ರಾಯಚೂರಿನ ಕಡೆ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಏನು ನಡೆದರೂ ಬೆಳಿಗ್ಗೆಯೇ ನಡೆಯಬೇಕು. ಅಲ್ಲಿ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇನಲ್ಲಿ ಬೆಳಗಿನ ವೇಳೆಗೆ ಬದಲಾಗುತ್ತವೆ. ಶಿಬಿರದಲ್ಲಿ ಕಾಗದ ಮಡಚಿ ಹಕ್ಕಿ ಮಾಡುವುದಿದೆ, ಚಿತ್ರ ಬಿಡಿಸುವುದಿದೆ, ಒಗಟು, ಗಣಿತದ ಆಟ, ಚೆಸ್ ಇವೆ. ಪಂಚಾಯಿತಿ ಲೈಬ್ರರಿಗಳಲ್ಲಿ ಚೆಸ್ ಹಿಡಿದ ಬಗೆ ನನಗೆ ವಿಶೇಷ ಸಂತೋಷ ಕೊಡುವ ಸಂಗತಿ. ಒಂದು ಹಾಸು, ಮೂವತ್ತೆರಡು ಕಾಯಿ ಇದ್ದರೆ ಸಾಕು, ಜಾತಿ–ಕೇರಿಯ ಗೆರೆ ದಾಟಿ ಇಬ್ಬರು ಮಕ್ಕಳು ಎದುರುಬದುರು ಕೂರುತ್ತಾರೆ. ಊರಿನ ನಕ್ಷೆ ಬರೆಯುವ ಚಟುವಟಿಕೆಯೂ ಒಳ್ಳೆಯದು. ಬಾವಿ ಎಲ್ಲಿ, ಅಂಗನವಾಡಿ ಎಲ್ಲಿ, ಯಾರ ಮನೆಗೆ ನಲ್ಲಿ ನೀರು ಬರುವುದಿಲ್ಲ ಎಂಬುದನ್ನು ಮಕ್ಕಳೇ ನಡೆದು ನೋಡಿ ಗುರುತಿಸಿದರೆ, ಆ ಹಾಳೆಯನ್ನು ಪಂಚಾಯಿತಿ ಸದಸ್ಯರು ಕೂಡ ನೋಡಬೇಕಾಗುತ್ತದೆ.

ಆದರೆ ಶಿಬಿರದ ಜೀವ ಗಟ್ಟಿ ಓದು. ಮೇಲ್ವಿಚಾರಕರೋ ಊರಿನ ಕಾಲೇಜು ಹುಡುಗಿಯೋ ಚಿತ್ರಪುಸ್ತಕವನ್ನು ಎದೆಗೆ ಆನಿಸಿ, ಪುಟ ಮಕ್ಕಳ ಕಡೆಗೆ ತಿರುಗಿಸಿಕೊಂಡು ಜೋರಾಗಿ ಓದುತ್ತಾರೆ. ಐದನೇ ತರಗತಿಗೆ ಬಂದರೂ ಒತ್ತಕ್ಷರ ತಡವರಿಸುವ ಮಗುವಿಗೆ ಇದು ಪಾಠವಲ್ಲ, ಕತೆ. ಓದಿ ಮುಗಿದ ಮೇಲೆ ಪ್ರಶ್ನೆ ಕೇಳಬಾರದು. ‘ಇದರ ನೀತಿ ಏನು?’ ಎಂದರಂತೂ ಮಾರನೆಯ ದಿನ ಅರ್ಧ ಮಕ್ಕಳು ಬರುವುದಿಲ್ಲ. ರಜೆಯ ಲೈಬ್ರರಿ ಶಾಲೆಯ ನೆರಳಾಗಿಬಿಟ್ಟರೆ ಅದು ಸೋತಂತೆ. ಸುಮ್ಮನೆ ಪುಸ್ತಕ ಕೈಗೆ ಕೊಟ್ಟು ಬಿಡಬೇಕು. ಅದೇ ಕತೆಯನ್ನು ಮಗು ಮತ್ತೆ ತಾನೇ ತೆಗೆದು ಬೆರಳಿಟ್ಟು ಓದಿಕೊಳ್ಳುತ್ತದೆ.

ಕೈಗೆ ಕೊಡುವ ಪುಸ್ತಕ ಯಾವುದು? ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಹಳೆಯ ಆಸ್ತಿ ನಮ್ಮಲ್ಲಿ ದೊಡ್ಡದೇ ಇದೆ. ಕಾರಂತರ ‘ಬಾಲ ಪ್ರಪಂಚ’, ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’, ಭಾರತ ಭಾರತಿ ಮಾಲೆಯ ಜೇಬಿಗೆ ಹಿಡಿಸುವ ಪುಸ್ತಕಗಳು ಎಷ್ಟೋ ತಲೆಮಾರನ್ನು ಬೆಳೆಸಿವೆ. ಆದರೆ ಇಂದಿನ ಮಗುವಿಗೆ ಇಂದಿನ ಪುಸ್ತಕವೂ ಬೇಕು, ಮತ್ತು ಕನ್ನಡದಲ್ಲಿ ಅವು ಬರುತ್ತಿವೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕನ್ನಡ ಕೃತಿಗಳನ್ನೇ ನೋಡಿ: 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್ ಬುಕ್’. ಪ್ರಶಸ್ತಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಸನ್ಮಾನಗಳಾಗುತ್ತವೆ. ಆದರೆ ಈ ಐದು ಪುಸ್ತಕ ನಿಮ್ಮೂರಿನ ಅರಿವು ಕೇಂದ್ರದ ಕಪಾಟಿನಲ್ಲಿವೆಯೇ? ಈ ರಜೆಯಲ್ಲಿ ಒಮ್ಮೆ ಹೋಗಿ ನೋಡಿ. ಇನ್ನೂ ಚಿಕ್ಕವರಿಗೆ, ಬೆಂಗಳೂರಿನಲ್ಲೇ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್‌ನ ಅಗ್ಗದ ಚಿತ್ರಪುಸ್ತಕಗಳಿವೆ. ಅದರ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಕತೆಗಳು ಉಚಿತ. ಕೇಂದ್ರದಲ್ಲಿ ಟಿ.ವಿ. ಅಥವಾ ಕಂಪ್ಯೂಟರ್ ಇದ್ದರೆ ಪರದೆಯ ಮೇಲೆ ದೊಡ್ಡದಾಗಿ ತೋರಿಸಿ ಓದಬಹುದು.

ದೊಡ್ಡವರ ಕಪಾಟಿಗೂ ಒಂದು ಮಾತು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಸಂಕಲನ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಸಣ್ಣಕತೆಗಳ ಪುಸ್ತಕಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಆ ಕತೆಗಳು ಹುಟ್ಟಿದ್ದು ಕನ್ನಡದಲ್ಲಿ. ಮಗುವನ್ನು ಶಿಬಿರಕ್ಕೆ ಬಿಡಲು ಬಂದ ತಾಯಿ ಬಾಗಿಲಲ್ಲೇ ನಿಂತು ಹಿಂತಿರುಗುವ ಬದಲು ಬಾನು ಅವರ ಒಂದು ಕತೆ ಓದಿಕೊಂಡು ಹೋಗುವಂತಾಗಬೇಕು.

ಹೊಸ ಪುಸ್ತಕ ಲೈಬ್ರರಿಗೆ ಬರುವ ದಾರಿ ಉದ್ದ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ತೆಗೆದುಕೊಳ್ಳಿ: ಪ್ರಕಾಶಕರು ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ನೋಡಬೇಕು, ಪುಟಕ್ಕಿಷ್ಟು ಎಂಬ ದರದಲ್ಲಿ ಬೆಲೆ ನಿಗದಿಯಾಗಬೇಕು, ಹಣ ಬಿಡುಗಡೆಯಾಗಬೇಕು. ‘ಹೊಸದು’ ಎನ್ನುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ. ಪುಟದ ಲೆಕ್ಕದ ದರ ಚಿತ್ರಪುಸ್ತಕಕ್ಕೆ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಹದಿನಾರೇ ಪುಟವಿದ್ದರೂ ಪ್ರತಿ ಪುಟಕ್ಕೂ ಚಿತ್ರಕಾರರ ದುಡಿಮೆ, ಬಣ್ಣದ ಮುದ್ರಣದ ಖರ್ಚು ಇರುತ್ತದೆ. ಈ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಹಲವು ಪಂಚಾಯಿತಿಗಳು ‘ಪುಸ್ತಕ ಜೋಳಿಗೆ’ ಹಿಡಿದು ಮನೆಮನೆಗೆ ಹೋಗಿವೆ.

ಬಂದ ಪುಸ್ತಕ ಬೀಗ ಹಾಕಿದ ಗಾಜಿನ ಬೀರುವಿನಲ್ಲಿ ಉಳಿಯುವುದು ಇನ್ನೊಂದು ತೊಂದರೆ. ಮೇಲ್ವಿಚಾರಕರನ್ನು ಬೈದು ಪ್ರಯೋಜನವಿಲ್ಲ. ದಾಸ್ತಾನು ವಹಿಯಲ್ಲಿ ಒಂದು ಪುಸ್ತಕ ಕಡಿಮೆಯಾದರೂ ಉತ್ತರ ಕೊಡಬೇಕಾದವರು ಅವರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎನ್ನುತ್ತದೆ. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ್ದೂ ಇಲ್ಲೇ. ಅವರ ಸೂತ್ರ ಹಳ್ಳಿಯ ಲೈಬ್ರರಿಗೆ ಇಳಿಯಬೇಕಾದರೆ ಮಕ್ಕಳ ಕೈಯಲ್ಲಿ ಹರಿದ ಪುಸ್ತಕವನ್ನು ನಷ್ಟವೆಂದು ಬರೆಯದೆ, ಓದಿ ಸವೆದದ್ದೆಂದು ದಾಖಲಿಸಿ ಕೈಬಿಡಲು ವಹಿಯಲ್ಲಿ ಸುಲಭದ ದಾರಿ ಇರಬೇಕು. ಅದು ಲೆಕ್ಕಪತ್ರದ ಸಣ್ಣ ತಿದ್ದುಪಡಿ. ಆದರೆ ಬೀರುವಿನ ಬೀಗ ತೆಗೆಸುವುದು ಅದೇ.

ಊರು ಬಿಟ್ಟು ನಗರ ಸೇರಿದವರು ಬೇಸಿಗೆಯಲ್ಲಿ ಜಾತ್ರೆಗೋ ಮದುವೆಗೋ ಊರಿಗೆ ಹೋಗಿಯೇ ಹೋಗುತ್ತೀರಿ. ಹೋಗುವಾಗ ನಾಲ್ಕು ಮಕ್ಕಳ ಪುಸ್ತಕ ಕೊಂಡುಹೋಗಿ. ಹಳೆಯ ಗೈಡುಗಳು, ಪಠ್ಯಪುಸ್ತಕಗಳು ಬೇಡ, ಅವು ಬೇಕಾದಷ್ಟಿವೆ. ದೊಡ್ಡ ಅಕ್ಷರದ, ಚಿತ್ರವಿರುವ, ಗಟ್ಟಿ ಹೊಲಿಗೆಯ ಹೊಸ ಪುಸ್ತಕಗಳಿರಲಿ. ಮೇಲ್ವಿಚಾರಕರ ಕೈಗೇ ಕೊಟ್ಟು ವಹಿಯಲ್ಲಿ ನಮೂದು ಮಾಡಿಸಿ. ಸಾಧ್ಯವಾದರೆ ಅರ್ಧ ಗಂಟೆ ಕೂತು ಅವುಗಳಲ್ಲೊಂದನ್ನು ಮಕ್ಕಳಿಗೆ ಓದಿಯೂ ಬನ್ನಿ. ಏಪ್ರಿಲ್ ಎರಡನೇ ವಾರದೊಳಗೆ ತಲುಪಿದರೆ ರಜೆಯುದ್ದಕ್ಕೂ ಅವು ಮನೆಯಿಂದ ಮನೆಗೆ ಓಡಾಡುತ್ತವೆ.