ತಮ್ಮನಿಗೆ ತೆರೆದ ಬಾಗಿಲು ಅಕ್ಕನಿಗೇಕೆ ಮುಚ್ಚಿತು?

ಒಂದೇ ಮನೆಯ ಮಕ್ಕಳು, ಅಕ್ಕ ಮತ್ತು ತಮ್ಮ. ಇಬ್ಬರೂ ಕಲಿತದ್ದು ಒಂದೇ ಆಟ. ಇಬ್ಬರೂ ತಮ್ಮ ದೇಶದ ಪರವಾಗಿ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾಗವಹಿಸಿದವರು. 2026ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ತಮ್ಮನಿಗೆ ತಂಡದಲ್ಲಿ ಸ್ಥಾನ ಸಿಕ್ಕಿತು. ಅಕ್ಕನಿಗೆ ಸಿಗಲಿಲ್ಲ. ಆಯ್ಕೆಯಲ್ಲಿ ಆಕೆ ಸೋತಳೆಂದಲ್ಲ, ಆಕೆಗೆ ಅಲ್ಲಿ ಸ್ಪರ್ಧೆಯೇ ಇರಲಿಲ್ಲ!

ಅಮೆರಿಕದ ಕೊಲರಾಡೊ ರಾಜ್ಯದ ಈ ಅಕ್ಕನ ಹೆಸರು ಅನಿಕಾ ಮಲಸಿನ್‌ಸ್ಕಿ, ತಮ್ಮ ನಿಕ್ಲಾಸ್. ಅವರ ಆಟ 'ನಾರ್ಡಿಕ್ ಕಂಬೈನ್ಡ್'. ಮಿಲಾನೊ-ಕೊರ್ಟಿನಾ ಒಲಿಂಪಿಕ್ಸ್‌ನ ಒಟ್ಟು ಸ್ಪರ್ಧಾಳುಗಳಲ್ಲಿ ಶೇಕಡಾ 47ರಷ್ಟು ಮಹಿಳೆಯರು ಎಂದು ಸಂಘಟಕರು ಹೆಮ್ಮೆಯಿಂದ ಹೇಳಿಕೊಂಡರು. ಆದರೆ ಅದೇ ಕೂಟದಲ್ಲಿ ಮಹಿಳೆಯರಿಗೆ ಸಂಪೂರ್ಣವಾಗಿ ಮುಚ್ಚಿದ್ದ ಏಕೈಕ ಕ್ರೀಡೆ ಇದು. ಹಿಮವನ್ನು ಚಿತ್ರದಲ್ಲಷ್ಟೇ ಕಂಡ ನಮಗೆ ಈ ಆಟದ ಹೆಸರು ಹೊಸದಿರಬಹುದು. ಆದರೆ ಅದರ ಹಿಂದಿನ ಪ್ರಶ್ನೆ ಹೊಸದೇನಲ್ಲ.

ಹಾರಬೇಕು, ಓಡಲೂಬೇಕು

ನಾರ್ಡಿಕ್ ಕಂಬೈನ್ಡ್ ಎಂದರೆ ಒಂದರಲ್ಲಿ ಎರಡು ಆಟ. ಮೊದಲನೆಯದು ಸ್ಕೀ ಜಿಗಿತ. ಉದ್ದನೆಯ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ಬೆಟ್ಟದ ಮೇಲೆ ಕಟ್ಟಿದ ಕಡಿದಾದ ಜಾರುಹಾದಿಯಲ್ಲಿ ಗಂಟೆಗೆ 80-90 ಕಿಲೋಮೀಟರ್ ವೇಗದಲ್ಲಿ ಜಾರಿ ಬಂದು, ಅದರ ತುದಿಯಿಂದ ಗಾಳಿಗೆ ಹಾರಬೇಕು. ಹಲಗೆಗಳನ್ನು ಇಂಗ್ಲಿಷಿನ 'ವಿ' ಅಕ್ಷರದಂತೆ ಅಗಲಿಸಿ, ದೇಹವನ್ನು ಮುಂದಕ್ಕೆ ಬಾಗಿಸಿ, ಗಾಳಿಯ ಮೇಲೆ ಒರಗಿದಂತೆ ತೇಲಬೇಕು. ಎಷ್ಟು ದೂರ ಹಾರಿದರೆಂಬುದಕ್ಕೆ ಅಂಕವಿದೆ. ಹಾರಿದ ಶೈಲಿಗೂ ನೆಲಕ್ಕೆ ಇಳಿದ ರೀತಿಗೂ ಐವರು ತೀರ್ಪುಗಾರರು ಅಂಕ ಕೊಡುತ್ತಾರೆ. ಅವುಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಎರಡನೆಯದು ಕ್ರಾಸ್ ಕಂಟ್ರಿ, ಅಂದರೆ ಹಿಮದ ಹಾದಿಯಲ್ಲಿ ಏರು-ತಗ್ಗುಗಳನ್ನು ದಾಟುತ್ತಾ ಸ್ಕೀ ಮೇಲೆ ಓಡುವುದು. ಪುರುಷರ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ 10 ಕಿಲೋಮೀಟರ್, ಮಹಿಳೆಯರದ್ದರಲ್ಲಿ 5 ಕಿಲೋಮೀಟರ್. ಇಲ್ಲೊಂದು ಸ್ವಾರಸ್ಯವಿದೆ. ಜಿಗಿತದಲ್ಲಿ ಮೊದಲು ಬಂದವರು ಓಟವನ್ನೂ ಮೊದಲು ಆರಂಭಿಸುತ್ತಾರೆ. ಉಳಿದವರು ಹಿಂದೆ ಬಿದ್ದ ಒಂದೊಂದು ಅಂಕಕ್ಕೂ ನಾಲ್ಕು ಸೆಕೆಂಡಿನಂತೆ ತಡವಾಗಿ ಹೊರಡಬೇಕು. 15 ಅಂಕ ಹಿಂದಿದ್ದರೆ ಒಂದು ನಿಮಿಷ ಕಾಯಬೇಕು. ಕೊನೆಯಲ್ಲಿ ಗೆರೆಯನ್ನು ಮೊದಲು ದಾಟಿದವರೇ ವಿಜೇತರು. ಹಾಗಾಗಿ ಲೆಕ್ಕದ ಪಟ್ಟಿಗಾಗಿ ಕಾಯಬೇಕಿಲ್ಲ. ಗೆದ್ದವರು ಯಾರೆಂದು ನೋಡುವವರಿಗೆ ಕಣ್ಣೆದುರೇ ಗೊತ್ತಾಗುತ್ತದೆ. ನಾರ್ವೆಯ ಗುಂಡರ್ ಗುಂಡರ್ಸೆನ್ ಎಂಬವರ ಹೆಸರಿನಲ್ಲಿ ಪ್ರಸಿದ್ಧವಾದ ಈ ಕ್ರಮ 1988ರಲ್ಲಿ ಒಲಿಂಪಿಕ್ಸ್‌ಗೆ ಬಂತು.

ಈ ಎರಡು ಆಟಗಳು ದೇಹದಿಂದ ಕೇಳುವುದು ಎರಡು ವಿರುದ್ಧ ಗುಣಗಳನ್ನು. ಹಾರುವವರ ದೇಹ ಹಗುರವಿರಬೇಕು. ಓಡುವವರ ತೋಳು, ತೊಡೆ, ಶ್ವಾಸಕೋಶ ಗಟ್ಟಿಯಾಗಿರಬೇಕು. ಹಗುರವಾಗಲು ಹೊಟ್ಟೆಗೆ ಕಡಿಮೆ ತಿಂದರೆ ಓಟದಲ್ಲಿ ಉಸಿರು ಸೋಲುತ್ತದೆ. ಹಸಿವಿನಿಂದ ದೇಹ ಸವೆಸುವುದನ್ನು ತಡೆಯಲು ನಿಯಮವೂ ಇದೆ: ಎತ್ತರಕ್ಕೆ ತಕ್ಕ ತೂಕವಿಲ್ಲದವರು ಗಿಡ್ಡ ಹಲಗೆ ಬಳಸಬೇಕು. ಹಲಗೆ ಗಿಡ್ಡವಾದರೆ ಗಾಳಿಯ ಆಸರೆ ಕಡಿಮೆಯಾಗುತ್ತದೆ. ಹೀಗೆ ಎರಡನ್ನೂ ತೂಗಿಸಿಕೊಂಡು ಹೋಗುವವರೇ ಇಲ್ಲಿ ಗೆಲ್ಲುತ್ತಾರೆ.

ಒಂದೂವರೆ ಶತಮಾನದ ಹಿಂದೆ

ಹೆಣ್ಣುಮಕ್ಕಳು ಇತ್ತೀಚೆಗೆ ಬಂದವರು ಎಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. 1860ರ ದಶಕದಲ್ಲೇ ನಾರ್ವೆಯ ಟ್ರಿಸಿಲ್ ಎಂಬಲ್ಲಿ ಇಂಗ್ರಿಡ್ ವೆಸ್ಟ್‌ಬಿ ಎಂಬ ಯುವತಿ ಸ್ಕೀ ಜಿಗಿತದಲ್ಲಿ ಭಾಗವಹಿಸಿದ್ದು ದಾಖಲಾಗಿದೆ. ಆದರೆ 1924ರಲ್ಲಿ ಫ್ರಾನ್ಸಿನ ಶಾಮೋನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಜಿಗಿತ, ಕ್ರಾಸ್ ಕಂಟ್ರಿ, ನಾರ್ಡಿಕ್ ಕಂಬೈನ್ಡ್ ಮೂರೂ ಗಂಡಸರಿಗೆ ಮಾತ್ರ ಮೀಸಲಾದವು.

ಕ್ರಾಸ್ ಕಂಟ್ರಿಯ ಬಾಗಿಲು ಮಹಿಳೆಯರಿಗೆ ತೆರೆದದ್ದು 1952ರ ಓಸ್ಲೊ ಕೂಟದಲ್ಲಿ. ಜಿಗಿತದ ಬಾಗಿಲಿಗೆ ಇನ್ನೂ 62 ವರ್ಷ ಕಾಯಬೇಕಾಯಿತು. ಈ ಆಟ ವೈದ್ಯಕೀಯ ದೃಷ್ಟಿಯಿಂದ ಹೆಂಗಸರಿಗೆ ತಕ್ಕುದಲ್ಲವೇನೋ ಎಂದು ಅಂತಾರಾಷ್ಟ್ರೀಯ ಸ್ಕೀ ಫೆಡರೇಶನ್ನಿನ ಅಧ್ಯಕ್ಷರೇ 2005ರಲ್ಲಿ ಹೇಳಿದ್ದರು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗಾಗಿ ಕಟ್ಟಿದ ಚಿಕ್ಕ ಜಿಗಿತದ ಬೆಟ್ಟದಲ್ಲಿ ಕೂಟಕ್ಕೆ ಮುಂಚೆ ಅತಿ ದೂರ ಹಾರಿದ ದಾಖಲೆ ಒಬ್ಬ ಹೆಣ್ಣುಮಗಳ ಹೆಸರಿನಲ್ಲಿತ್ತು. ಗಂಡಸರ ದಾಖಲೆಯೂ ಅದಕ್ಕಿಂತ ಕಡಿಮೆ. ಆಕೆ ಅಮೆರಿಕದ ಲಿಂಡ್ಸೆ ವ್ಯಾನ್, 2009ರ ವಿಶ್ವ ಚಾಂಪಿಯನ್. ಆದರೆ ಒಲಿಂಪಿಕ್ಸ್ ನಡೆಯುವಾಗ ಆಕೆಗೆ ಅಲ್ಲಿ ಹಾರಲು ಅವಕಾಶವಿರಲಿಲ್ಲ. ಆಕೆ ಮತ್ತು ಜೊತೆಗಾತಿಯರು ಕೆನಡಾದ ನ್ಯಾಯಾಲಯದ ಮೆಟ್ಟಿಲೇರಿದರು. ಇದು ತಾರತಮ್ಯವೆಂದು ನ್ಯಾಯಾಧೀಶರು 2009ರಲ್ಲಿ ಒಪ್ಪಿದರು. ಆದರೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಆಜ್ಞೆ ಮಾಡುವ ಅಧಿಕಾರ ತಮಗಿಲ್ಲವೆಂದರು. ಕೊನೆಗೆ 2014ರ ಸೋಚಿ ಕೂಟದಲ್ಲಿ ಮಹಿಳೆಯರು ಹಾರಿದರು. ಜರ್ಮನಿಯ ಕರಿನಾ ಫೋಗ್ಟ್ ಮೊದಲ ಚಿನ್ನ ಗೆದ್ದರು.

ಮುಚ್ಚಿದ ಬಾಗಿಲಿನ ತರ್ಕ

ಇನ್ನು ಉಳಿದದ್ದು ಎರಡನ್ನೂ ಕೂಡಿಸಿದ ಆಟ. ಮಹಿಳೆಯರ ಮೊದಲ ವಿಶ್ವಕಪ್ ಸ್ಪರ್ಧೆ 2020ರ ಡಿಸೆಂಬರಿನಲ್ಲಿ ಆಸ್ಟ್ರಿಯಾದ ರಾಮ್‌ಸೌನಲ್ಲಿ ನಡೆಯಿತು. ಅಮೆರಿಕದ ತಾರಾ ಗೆರಾಟಿ-ಮೋಟ್ಸ್ ಗೆದ್ದರು. 2021ರ ಫೆಬ್ರವರಿ 27ರಂದು ಜರ್ಮನಿಯ ಓಬರ್‌ಸ್ಟ್‌ಡಾರ್ಫ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. ಹದಿನೆಂಟರ ಹುಡುಗಿ, ನಾರ್ವೆಯ ಗೀಡಾ ವೆಸ್ಟ್‌ವೊಲ್ಡ್ ಹಾನ್ಸೆನ್ ಚಿನ್ನ ಗೆದ್ದಳು. ಬೆಳ್ಳಿ ಮತ್ತು ಕಂಚು ಅದೇ ದೇಶದ ಅಕ್ಕ-ತಂಗಿ ಮಾರಿ ಮತ್ತು ಮಾರ್ಟೆ ಲೈನಾನ್ ಲುಂಡ್ ಅವರ ಪಾಲಾದವು.

ಮೂರೂ ಪದಕ ಒಂದೇ ದೇಶಕ್ಕೆ! ಈ ಸಂತಸವೇ ಮರುವರ್ಷ ಮುಳುವಾಯಿತು. 2022ರ ಜೂನ್ 24ರಂದು ಒಲಿಂಪಿಕ್ ಸಮಿತಿ ತನ್ನ ತೀರ್ಮಾನ ಪ್ರಕಟಿಸಿತು. 2026ರಲ್ಲಿ ಮಹಿಳೆಯರ ನಾರ್ಡಿಕ್ ಕಂಬೈನ್ಡ್ ಇಲ್ಲ. ಭಾಗವಹಿಸುವ ದೇಶಗಳು ಕಡಿಮೆ, ಪದಕಗಳು ಒಂದೇ ಕಡೆ ಹೋಗುತ್ತಿವೆ, ನೋಡುಗರೂ ಕಡಿಮೆ ಎಂಬುದು ಕಾರಣ.

ಸಮಿತಿಯ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅದೇ ಅಳತೆಗೋಲನ್ನು ಪುರುಷರಿಗೆ ಹಿಡಿದರೆ? ಹಿಂದಿನ ಮೂರು ಒಲಿಂಪಿಕ್ಸ್‌ಗಳಲ್ಲಿ ಪುರುಷರ 27 ಪದಕಗಳೂ ಕೇವಲ ನಾಲ್ಕು ದೇಶಗಳಿಗೆ ಹೋಗಿದ್ದವು: ಜರ್ಮನಿ, ನಾರ್ವೆ, ಆಸ್ಟ್ರಿಯಾ, ಜಪಾನ್. ಇದನ್ನು ಸಮಿತಿಯೇ ಎತ್ತಿ ಹೇಳಿತ್ತು. ಹಾಗಿದ್ದರೂ ಪುರುಷರ ಸ್ಪರ್ಧೆಯನ್ನು ಉಳಿಸಿಕೊಂಡಿತು. ಈ ಆಟ 1924ರಿಂದಲೂ ಇದೆ, ಆಟಗಾರರು ಹಲವು ವರ್ಷಗಳಿಂದ ತಯಾರಿ ನಡೆಸಿದ್ದಾರೆ ಎಂಬುದು ಅದಕ್ಕೆ ಕೊಟ್ಟ ಸಮಾಧಾನ. ಹೆಣ್ಣುಮಕ್ಕಳು ನಡೆಸಿದ್ದು ತಯಾರಿಯಲ್ಲವೇ?

ಬಾಗಿಲು ಮುಚ್ಚಿದ್ದರಿಂದ ಒಳಗೆ ಜನ ಕಡಿಮೆ. ಜನ ಕಡಿಮೆಯಿರುವುದರಿಂದ ಬಾಗಿಲು ತೆರೆಯುವುದಿಲ್ಲ. ಇದೇ ಇಲ್ಲಿಯ ತರ್ಕ. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಕ್ಕೆ ಸರಕಾರಗಳು ಹಣ ಕೊಡಲು ಹಿಂಜರಿಯುತ್ತವೆ. ತರಬೇತುದಾರರು ಸಿಗುವುದು ಕಷ್ಟ. ಮುಂದೆ ದಾರಿಯಿಲ್ಲದ ಆಟಕ್ಕೆ ಯಾವ ತಾಯಿ ತಾನೇ ಧೈರ್ಯದಿಂದ ಮಗಳನ್ನು ಸೇರಿಸುತ್ತಾಳೆ?

ಉತ್ತರ ಮೈದಾನದಲ್ಲಿ

ಆದರೂ ಹೆಣ್ಣುಮಕ್ಕಳು ಕೈಕಟ್ಟಿ ಕೂರಲಿಲ್ಲ. 2023ರಲ್ಲಿ ಸ್ಲೊವೇನಿಯಾದ ಪ್ಲಾನಿಟ್ಸಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೀಡಾ ಮತ್ತೆ ಗೆದ್ದಳು. ಆದರೆ ಈ ಬಾರಿ ಬೆಳ್ಳಿ ಜರ್ಮನಿಯ ಹದಿನೇಳರ ನಥಾಲಿ ಆರ್ಮ್‌ಬ್ರುಸ್ಟರ್‌ಗೆ, ಕಂಚು ಜಪಾನಿನ ಹರುಕಾ ಕಸಾಯಿಗೆ. ಒಂದೇ ದೇಶದ ಪಾಲಾಗಿದ್ದ ಪದಕಗಳು ಎರಡೇ ವರ್ಷದಲ್ಲಿ ಮೂರು ದೇಶಗಳಿಗೆ, ಎರಡು ಖಂಡಗಳಿಗೆ ಹಂಚಿಹೋದವು. ಹರುಕಾಳ ಅವಳಿ ಸಹೋದರಿ ಯೂನಾ ಕೂಡ ಇದೇ ಆಟದವಳು. ಅದೇ ಕೂಟದಲ್ಲಿ ಇಬ್ಬರು ಪುರುಷರು, ಇಬ್ಬರು ಮಹಿಳೆಯರು ಸೇರಿದ ಮಿಶ್ರ ತಂಡದ ಸ್ಪರ್ಧೆಯೂ ನಡೆಯಿತು. 2024-25ರ ವಿಶ್ವಕಪ್ ಸಾಲಿನ ಒಟ್ಟಾರೆ ಪ್ರಶಸ್ತಿಯನ್ನು ನಾರ್ವೆಯವರನ್ನು ಹಿಂದಿಕ್ಕಿ ನಥಾಲಿ ತನ್ನದಾಗಿಸಿಕೊಂಡಳು.

2026ರ ಕೂಟದ ಇನ್ನೊಂದು ವಿಪರ್ಯಾಸವನ್ನು ಗಮನಿಸಿ. ಅಲ್ಲಿ ಮಹಿಳೆಯರು ಕ್ರಾಸ್ ಕಂಟ್ರಿಯಲ್ಲಿ ಪುರುಷರಷ್ಟೇ ದೂರ, 50 ಕಿಲೋಮೀಟರ್‌ವರೆಗೂ ಓಡಿದರು. ಜಿಗಿತದಲ್ಲಿ ದೊಡ್ಡ ಬೆಟ್ಟದಿಂದಲೂ ಮೊದಲ ಬಾರಿಗೆ ಹಾರಿದರು. ಅಂದರೆ ಹಾರಬಲ್ಲರು ಎಂಬುದಕ್ಕೂ ಓಡಬಲ್ಲರು ಎಂಬುದಕ್ಕೂ ಒಲಿಂಪಿಕ್ಸೇ ಸಾಕ್ಷಿ. ಹಾರಿ, ಆಮೇಲೆ ಐದು ಕಿಲೋಮೀಟರ್ ಓಡಲು ಮಾತ್ರ ಜಾಗವಿಲ್ಲ!

ಭವಿಷ್ಯದ ಕೂಟಗಳಲ್ಲಿ ಈ ಆಟ ಇರಬೇಕಾದರೆ ಭಾಗವಹಿಸುವವರೂ ನೋಡುಗರೂ ಗಣನೀಯವಾಗಿ ಹೆಚ್ಚಬೇಕೆಂದು ಸಮಿತಿ 2022ರಲ್ಲೇ ಎಚ್ಚರಿಸಿತ್ತು. ಆ ಎಚ್ಚರಿಕೆ ಪುರುಷರಿಗೂ ಅನ್ವಯಿಸುತ್ತದೆ. ಹಾಗಾಗಿ ಅಕ್ಕಂದಿರನ್ನು ಹೊರಗಿಟ್ಟ ಆಟದಲ್ಲಿ ತಮ್ಮಂದಿರ ಸ್ಥಾನವೂ ಭದ್ರವಲ್ಲ. ಇಬ್ಬರೂ ಸೇರಿದರೆ ಆಟ ಬೆಳೆದೀತು, ಒಬ್ಬರನ್ನೇ ನೆಚ್ಚಿದರೆ ಅದೇ ಸೊರಗೀತು. ಅನಿಕಾ ತಮ್ಮನ ಅವಕಾಶ ಕಿತ್ತುಕೊಡಿ ಎಂದು ಕೇಳಲಿಲ್ಲ. ತನಗೂ ಒಂದು ಆರಂಭದ ಗೆರೆ ಕೊಡಿ ಎಂದಷ್ಟೇ ಕೇಳಿದಳು.

'ಹುಡುಗಿಯರು ಯಾರೂ ಸೇರುವುದಿಲ್ಲ, ಹಾಗಾಗಿ ಅವರಿಗೆ ಇಟ್ಟಿಲ್ಲ' ಎಂಬ ಮಾತು ಹಿಮದ ನಾಡಿನಲ್ಲಷ್ಟೇ ಕೇಳಿಬರುವುದಲ್ಲ. ಶಾಲೆಯ ಆಟದ ಮೈದಾನದಲ್ಲಿ, ಊರಿನ ವಾಚನಾಲಯದಲ್ಲಿ, ಕಾಲೇಜಿನ ಪ್ರವೇಶದ ಕಿಟಕಿಯ ಮುಂದೆಯೂ ಕೇಳಿಬರಬಹುದು. ಇನ್ನೊಮ್ಮೆ ಅದನ್ನು ಕೇಳಿದಾಗ ತಲೆಯಾಡಿಸುವ ಮುನ್ನ ಒಂದು ಮರುಪ್ರಶ್ನೆ ಹಾಕೋಣ: ಅವರು ಸೇರಲಿಲ್ಲವೋ, ಅಥವಾ ಸೇರಲು ನಾವು ಬಾಗಿಲನ್ನೇ ಇಡಲಿಲ್ಲವೋ?