ಸಿಪಾಯಿಗಳ ಪಗಾರಕ್ಕೆ ಹೋದ ಸೀಮೆ

ಮಸ್ಕಿ ಎಂದರೆ ಅಶೋಕನ ಶಾಸನ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಆ ಬಂಡೆಯ ಬಗ್ಗೆ ಶಾಲೆಯ ಮಕ್ಕಳೂ ಹೇಳಬಲ್ಲರು. ಅದೇ ಸೀಮೆಯ ಪಕ್ಕದಲ್ಲಿ 1858ರಲ್ಲಿ ಹರಿದ ರಕ್ತದ ಸುದ್ದಿ ಎತ್ತುವವರೇ ಕಡಿಮೆ. ಈ ಮರೆವು ನನಗೆ ಸಹಿಸಲಾಗದು.

ನಿಜಾಮರ ಹಣ, ಬ್ರಿಟಿಷ್ ಅಧಿಕಾರಿಗಳ ಹುಕುಂ: ಅದು ಹೈದರಾಬಾದ್ ಕಂಟಿಂಜೆಂಟ್ ಪಡೆ. ಅದರ ಬಾಬ್ತು ಬಾಕಿ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿ ನೆಲವನ್ನೇ ಕೇಳಿತು. 1853ರ ಒಪ್ಪಂದದಲ್ಲಿ ಬೇರಾರ್, ಧಾರಾಶಿವಗಳ ಜೊತೆ ರಾಯಚೂರು ದೋಆಬೂ ಅದರ ಕೈಸೇರಿತು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ರೈತ ತೆತ್ತ ಕಂದಾಯ ಸಿಪಾಯಿಗಳ ಪಗಾರವಾಯಿತು. ಲಿಂಗಸುಗೂರಿನಲ್ಲೇ ಛಾವಣಿ ಇತ್ತು.

ಯುದ್ಧ ಬಂತೆಂದರೆ ಸಾಮ್ರಾಜ್ಯ ಮನೆಯೊಳಕ್ಕೇ ಕೈ ಹಾಕುತ್ತದೆ. 1857ರಲ್ಲಿ ಹಲಗಲಿಯ ಬೇಡರ ಆಯುಧ ಕೇಳಿತು. ಕೊಡೆವೆಂದವರು ಗಲ್ಲಿಗೇರಿದರು, ಲಾವಣಿಯಲ್ಲಿ ಉಳಿದರು. 1917ರಲ್ಲಿ ಫ್ರಾನ್ಸಿನ ಯುದ್ಧದ ಕೂಲಿಗೆ ಆಳುಗಳನ್ನೇ ಕೇಳಿದಾಗ ಮಣಿಪುರದ ಕುಕಿಗಳು ತಿರುಗಿಬಿದ್ದು, 1919ರವರೆಗೂ ಕಾದಾಡಿದರು.

ನಮ್ಮ ಭಾಗದ ಕಥೆ ಕೃಷ್ಣೆಯಾಚೆಯ ಸುರಪುರದ್ದು. ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಸಂಸ್ಥಾನದ ಉಸ್ತುವಾರಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನದು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ದೊಡ್ಡವನಾದ ಮೇಲೆ ಅದೇ ಹುಡುಗ ಕಂಪನಿಗೆ ಎದುರು ನಿಂತ. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್ಹ್ಯಾಮ್ ದಂಡು ತಂದ. ನಮ್ಮ ಕಂದಾಯ ಉಂಡ ದಂಡೇ ನೆರೆಯ ಅರಸನ ಮೇಲೆ ಹೋಯಿತು! 7ರ ರಾತ್ರಿ ರಾಜನ ಬೇಡರು ಅದರ ಬಿಡಾರದ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಬೇರೆ ದಿಕ್ಕುಗಳಿಂದಲೂ ಪಡೆಗಳು ಬರುತ್ತಿದ್ದವು. ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಸಿಕ್ಕ.

ಸೆರೆಮನೆಗೆ ಟೇಲರ್ ಬಂದ. ಆ ಭೇಟಿಯನ್ನು ಅವನು ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಜೊತೆಗಾರರ ಹೆಸರು ಹೇಳಿದರೆ ಜೀವ ಉಳಿದೀತು ಎಂಬ ದಾರಿ ತೆರೆದಿತ್ತು. ರಾಜ ಹೇಳಲಿಲ್ಲ. ತನ್ನನ್ನು ಕಳ್ಳನಂತೆ ಗಲ್ಲಿಗೆ ಹಾಕಬಾರದು, ತೋಪಿನ ಬಾಯಿಗೆ ಕಟ್ಟಿ ಉಡಾಯಿಸಲಿ ಎಂದಷ್ಟೇ ಬೇಡಿದ. ಸಾಕಿದವನ ಎದುರಿಗೂ ಬಾಯಿ ಬಿಡದ ಆ ಎಳೆಯ ಅರಸನ ಗಟ್ಟಿತನ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ರಾಜನಿಗೆ ವಿಧಿಸಿದ್ದ ಮರಣದಂಡನೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷದ ಸೆರೆಗಿಳಿಯಿತು. ಚೆಂಗಲ್ಪಟ್ಟಿಗೆ ಸಾಗಿಸುವಾಗ, ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ರಾಜ ತೀರಿಕೊಂಡ. 1860ರಲ್ಲಿ ಕಂಪನಿಯ ಜಾಗಕ್ಕೆ ಬಂದ ಸರ್ಕಾರ ರಾಯಚೂರು ದೋಆಬನ್ನು ನಿಜಾಮರಿಗೆ ಮರಳಿಸಿತು. ಸುರಪುರವನ್ನೂ ಇನಾಮಾಗಿ ಅವರಿಗೇ ಕೊಟ್ಟಿತು.